ಚಿತ್ರ ನೋಡುವ ಸುಖ, ಹೆಸರು ಬರೆಯುವ ಹೊಣೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎರಡೂ ಸುಲಭದ ಕೆಲಸಗಳಾಗಿರಲಿಲ್ಲ. ದೇಶ ಸುತ್ತಲು ಕಾಲಿನಲ್ಲಿ ಕಸುವೂ ಕೈಯಲ್ಲಿ ಕಾಸೂ ಬೇಕಿತ್ತು. ಕೋಶ ಓದಲು ಗುರುಗಳ ಎದುರಿಗೆ ಚಾಪೆಯ ಮೇಲೆ ಕೂರುವ ತಾಳ್ಮೆ ಬೇಕಿತ್ತು. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಅಲ್ಲಿನ ಗ್ರಂಥಭಂಡಾರದಲ್ಲಿ ಚಿತ್ರಗಳಿದ್ದ ಪುಸ್ತಕ ಒಂದೇ ಒಂದು. ಅದನ್ನು ನೋಡಬೇಕಾದರೆ ಕೈಕಾಲು ತೊಳೆದು, ಭಂಡಾರದ ಹೊಣೆ ಹೊತ್ತವರ ಕಣ್ಣೆದುರಿಗೇ ಕುಳಿತು, ಒಂದೊಂದೇ ಹಾಳೆಯನ್ನು ನಿಧಾನವಾಗಿ ತಿರುವಬೇಕಾಗಿತ್ತು. ಆ ಪುಸ್ತಕದ ಒಂದೊಂದು ಚಿತ್ರವೂ ಇಂದಿಗೂ ನಮ್ಮ ಕಣ್ಣಿನಲ್ಲಿದೆ. ಇಂದಾದರೋ ದೇಶವೂ ಕೋಶವೂ ಅಂಗೈಯಗಲದ ಗಾಜಿನೊಳಗೆ ಬಂದು ಕುಳಿತಿವೆ. ಒಂದು ಸಂಜೆಯಲ್ಲಿ ನೂರು ಚಿತ್ರಗಳು ಕಣ್ಣ ಮುಂದೆ ಹರಿದುಹೋಗುತ್ತವೆ. ಮರುದಿನ ಬೆಳಿಗ್ಗೆ ಒಂದಾದರೂ ನೆನಪಿನಲ್ಲಿ ಉಳಿದಿರುವುದಿಲ್ಲ.

ನಮ್ಮ ಮೊಮ್ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಸ್ತ್ರವಿನ್ಯಾಸ ಓದುತ್ತಿದ್ದಾಳೆ. ರಜೆಗೆಂದು ದೇವನಹಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಬಂದಾಗ, ರಾತ್ರಿಯ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಗಣಕಯಂತ್ರ ತೆರೆದು ಕೂರುತ್ತಾಳೆ. ಒಂದು ಕ್ಷಣ ಅರಮನೆಯ ತೈಲಚಿತ್ರ. ಮರುಕ್ಷಣ ಹಳೆಯ ದೇವಾಲಯದ ಛಾಯಾಚಿತ್ರ. ಅದರ ಬೆನ್ನಿಗೇ ಒಂದು ಸೀರೆಯ ಅಂಚು, ಒಂದು ಸಿನಿಮಾದ ಭಿತ್ತಿಪತ್ರ. ಮೊದಮೊದಲು ನಾವು ಇದನ್ನು ಚಪಲವೆಂದೇ ಎಣಿಸಿದೆವು. ಸಂತೆಗೆ ಹೋದ ಮಗು ಅಂಗಡಿಯಿಂದ ಅಂಗಡಿಗೆ ಓಡುವಂತೆ ತೋರಿತು. ಆದರೆ ಕೆಲವು ರಾತ್ರಿ ಆಕೆಯ ಪಕ್ಕದಲ್ಲಿ ಕುಳಿತು ನೋಡಿದ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ಕಲೆ, ಇತಿಹಾಸ, ಛಾಯಾಚಿತ್ರ, ಉಡುಗೆ ತೊಡುಗೆ ಇವು ಬೇರೆ ಬೇರೆ ಕೋಣೆಗಳಲ್ಲ, ಒಂದೇ ಮನೆಯ ನಾಲ್ಕು ಬಾಗಿಲುಗಳು ಎಂಬುದು ಮನದಟ್ಟಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವೂ ಹೀಗೆಯೇ ಚಿತ್ರ, ಛಾಯಾಚಿತ್ರ, ವಸ್ತ್ರ, ಸಿನಿಮಾ ಭಿತ್ತಿಪತ್ರಗಳನ್ನು ಒಂದೇ ಸೂರಿನಡಿ ಕೂಡಿಸಿದೆ. ಕೊರೋನಾ ಕಾಲವಾದ್ದರಿಂದ ಅದು ೨೦೨೦ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲೇ ಬಾಗಿಲು ತೆರೆಯಿತು. ಕಟ್ಟಡದ ಬಾಗಿಲು ತೆರೆದದ್ದು ೨೦೨೩ರ ಫೆಬ್ರವರಿಯಲ್ಲಿ.

ರಾಣಿಯರೋ, ನರ್ತಕಿಯರೋ?

ಒಂದು ರಾತ್ರಿ ಆಕೆ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ತೋರಿಸಿದಳು. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕ್ಕಿ ೧೮೦೫ರ ಸುಮಾರಿಗೆ ಮೈಸೂರಿನಲ್ಲಿ ಬರೆದದ್ದು. ಮೈತುಂಬ ಆಭರಣ, ಸೊಗಸಾದ ಸೀರೆಗಳು. ನಮ್ಮ ಕಣ್ಣು ಮುಖಗಳ ಮೇಲೆಯೇ ನಿಂತಿತ್ತು. ಆದರೆ ಬಟ್ಟೆಯ ವಿದ್ಯೆ ಕಲಿಯುವ ಹುಡುಗಿಯ ಕಣ್ಣು ಬೇರೆಡೆಗೆ ಹೋಯಿತು.

“ತಾತ, ಈ ಬಲಗಡೆಯವರ ಸೆರಗು ನೋಡಿ. ಬೇಕೂಂತಲೇ ತೋಳಿನಿಂದ ಆಚೆಗೆ ಸರಿಸಿಕೊಂಡಿದಾರೆ ಅಲ್ವಾ?” ಎಂದಳು.

ಈ ಚಿತ್ರ ಬಹುಕಾಲ ನರ್ತಕಿಯರ ಚಿತ್ರವೆಂದೇ ಪರಿಗಣಿತವಾಗಿತ್ತು. ಕೇಂಬ್ರಿಡ್ಜಿನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅದನ್ನು ಅರಮನೆಯ ದಾಖಲೆಗಳೊಂದಿಗೆ ಹೋಲಿಸಿ ನೋಡಿ, ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಮನೆತನದ ಸ್ತ್ರೀಯರೆಂದೂ, ಎಡಬಲದ ಇಬ್ಬರು ದೇವಾಜಮ್ಮಣ್ಣಿ ಎಂಬ ಒಂದೇ ಹೆಸರಿನ ರಾಣಿಯರೆಂದೂ ಅಭಿಪ್ರಾಯಪಟ್ಟರು. ಸೆರಗನ್ನು ಸರಿಸಿ ತೋರಿಸುತ್ತಿರುವುದು ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ ಜಾಗವನ್ನು ಎಂಬುದು ಅವರ ಊಹೆ. ಜೆನ್ನರನು ೧೭೯೬ರಲ್ಲಿ ಕಂಡುಹಿಡಿದ ಈ ಲಸಿಕೆ ಭಾರತದಲ್ಲಿ ಮೊದಲು ಹಾಕಲ್ಪಟ್ಟದ್ದು ೧೮೦೨ರ ಜೂನ್ ತಿಂಗಳಿನಲ್ಲಿ, ಮುಂಬಯಿಯ ಮೂರು ವರುಷದ ಮಗುವೊಂದಕ್ಕೆ. ದನದ ಮೈಯಿಂದ ತೆಗೆದ ಮದ್ದನ್ನು ಮನುಷ್ಯರ ಮೈಗೆ ಏರಿಸುವುದೆಂದರೆ ಜನ ಹೆದರುತ್ತಿದ್ದರು. ಅಂಥ ಕಾಲದಲ್ಲಿ ಅರಮನೆಯ ಹೆಣ್ಣುಮಕ್ಕಳು ತಾವೇ ಮುಂದೆ ಬಂದು ತೋಳು ತೋರಿಸಿದರೆಂದರೆ ಅದು ಪ್ರಜೆಗಳಿಗೆ ಹೇಳಿದ ಧೈರ್ಯದ ಮಾತು. ಚಾನ್ಸೆಲರ್ ಅವರದು ಊಹೆಯೇ ಆದರೂ ಆಧಾರವುಳ್ಳ ಊಹೆ.

ಓದುಗ ಬಂಧುಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಚಿತ್ರದ ಬಣ್ಣ ಮಾಸಿರಲಿಲ್ಲ, ಬಟ್ಟೆ ಹರಿದಿರಲಿಲ್ಲ, ಕಳೆದುಹೋಗಿದ್ದುದು ಹೆಸರು ಮಾತ್ರ. ಹೆಸರೊಂದು ಕಳೆದುಹೋದ ಮಾತ್ರಕ್ಕೆ ಒಂದು ದೇಶದ ರಾಣಿಯರು ನರ್ತಕಿಯರೆನಿಸಿಕೊಂಡರು. ನರ್ತಕಿಯರು ಕೀಳೆಂದು ನಾವು ಹೇಳುತ್ತಿಲ್ಲ. ಆದರೆ ಯಾರು ಯಾರೆಂಬುದು ತಿಳಿಯದೆ ಹೋದಾಗ ಆ ತೋಳಿನ ಮಾತು ಯಾರಿಗೂ ಕೇಳಿಸದೆ ಉಳಿಯಿತು.

ನೋಡಿದವನ ಕಣ್ಣು

ನಮ್ಮ ದೇವನಹಳ್ಳಿಯ ಕೋಟೆಯನ್ನು ಕಾಣದವರು ವಿರಳ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡರು ೧೫೦೧ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರೆಂಬುದು ಪ್ರಸಿದ್ಧ. ಮುಂದೆ ಅದು ಮೈಸೂರಿನವರ ವಶವಾಗಿ, ಕಲ್ಲಿನ ಕೋಟೆಯಾಗಿ, ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು. ಆ ಯುದ್ಧದ ಸೈನ್ಯದೊಡನೆ ಚಿತ್ರ ಬರೆಯುವವರೂ ನಮ್ಮ ಸೀಮೆಗೆ ಬಂದರು. ರಾಬರ್ಟ್ ಹೋಮ್ ವೃತ್ತಿಯಿಂದಲೇ ಚಿತ್ರಕಾರ, ಕೋಲ್‌ಬ್ರೂಕ್ ಮೋಜಣಿದಾರ, ಜೇಮ್ಸ್ ಹಂಟರ್ ಫಿರಂಗಿ ಪಡೆಯ ಅಧಿಕಾರಿ. ೧೭೯೩ರಿಂದ ಮುಂದಿನ ಹತ್ತು ಹನ್ನೆರಡು ವರುಷಗಳಲ್ಲಿ ಇವರ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕಗಳಾಗಿ ಅಚ್ಚಾದವು. ಹಂಟರನ ಪುಸ್ತಕ ಹೊರಬರುವ ವೇಳೆಗೆ ಆತ ತೀರಿಕೊಂಡು ಹತ್ತು ವರುಷಗಳ ಮೇಲಾಗಿತ್ತು.

ಒಂದು ಕಾಲದಲ್ಲಿ ಸಿರಿವಂತರ ಕಪಾಟಿನಲ್ಲಿದ್ದ ಆ ಹಾಳೆಗಳು ಇಂದು ಗಣಕಯಂತ್ರದ ತೆರೆಯಲ್ಲಿ ಎಲ್ಲರಿಗೂ ಕಾಣಸಿಗುತ್ತವೆ. ಬೆಂಗಳೂರಿನ ಕೋಟೆಯ ಬಾಗಿಲು, ಟಿಪ್ಪುವಿನ ಅರಮನೆ, ಸಾವನದುರ್ಗದ ಬಂಡೆ ಎಲ್ಲವೂ ರಮಣೀಯವೇ. ಆದರೆ ಸುಮ್ಮನೆ ಮೆಚ್ಚುವ ಮೊದಲು, ಈ ಚಿತ್ರವನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂದು ಕೇಳಿಕೊಳ್ಳಬೇಕು. ಗೆದ್ದವನ ಕಣ್ಣು ಮೊದಲು ನೋಡುವುದು ಕೋಟೆಯ ಗೋಡೆಯನ್ನು. ಟಿಪ್ಪುವಿನ ಇಬ್ಬರು ಮಕ್ಕಳನ್ನು ೧೭೯೨ರಲ್ಲಿ ಒತ್ತೆಯಾಳುಗಳಾಗಿ ಒಪ್ಪಿಸಿದ ಸಂದರ್ಭವನ್ನು ಹೋಮ್ ದೊಡ್ಡ ತೈಲಚಿತ್ರವಾಗಿ ಬರೆದಿದ್ದಾನೆ. ಅದರ ಒಂದು ಅಂಚಿನಲ್ಲಿ ಕೈಯಲ್ಲಿ ಚಿತ್ರದ ಕಟ್ಟು ಹಿಡಿದು ನಿಂತ ತನ್ನನ್ನೂ ಬರೆದುಕೊಂಡಿದ್ದಾನೆ. ತಾನು ಕಣ್ಣಾರೆ ಕಂಡೆನೆಂಬುದಕ್ಕೆ ಅದು ಅವನ ಸಹಿ.

ಛಾಯಾಚಿತ್ರಕ್ಕೆ ಇಂಥ ಪಕ್ಷಪಾತವಿಲ್ಲವೆಂದು ಕೆಲವರು ಭಾವಿಸುತ್ತಾರೆ. ಅದು ಅರ್ಧ ಸತ್ಯ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ೧೮೫೬ರಲ್ಲಿ ಮೇಣ ಹಚ್ಚಿದ ಕಾಗದದ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದ. ಆ ವಿಧಾನದಲ್ಲಿ ಬೆಳಕು ಕಾಗದದಲ್ಲಿ ಮೂಡಲು ಬಹಳ ಹೊತ್ತು ಬೇಕು. ನಿಂತ ಕಲ್ಲು ಮೂಡುತ್ತದೆ, ನಡೆದಾಡುವ ಮನುಷ್ಯ ಮೂಡುವುದಿಲ್ಲ. ಆದುದರಿಂದ ಆ ಚಿತ್ರಗಳನ್ನು ನೋಡಿ ಹಂಪೆಯಲ್ಲಿ ಆಗ ಜನರೇ ಇರಲಿಲ್ಲವೆಂದು ತಿಳಿದರೆ ತಪ್ಪಾಗುತ್ತದೆ. ಆದರೂ ಅವುಗಳ ಉಪಕಾರ ದೊಡ್ಡದು. ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ೧೯೮೩ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಕಲ್ಲು ಉಳಿಯಿತು, ಯಾವುದು ಬಿತ್ತು, ಯಾವುದನ್ನು ಮತ್ತೆ ಕಟ್ಟಲಾಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಇದು ಸಾಧ್ಯವಾದುದು ಆ ಚಿತ್ರಗಳಿಗೆ ಊರಿನ ಹೆಸರೂ ವರುಷವೂ ಉಳಿದಿದ್ದರಿಂದ.

ಹೆಸರು ತಪ್ಪಿದರೆ ಏನಾಗುತ್ತದೆಂಬುದಕ್ಕೆ ದೇವನಹಳ್ಳಿಯವರಾದ ನಾವು ದೂರ ಹೋಗಬೇಕಿಲ್ಲ. ನಮ್ಮೂರಿನಲ್ಲಿ ಹುಟ್ಟಿದ ಟಿಪ್ಪುವಿನ ನಿಜವಾದ ಫೋಟೋ ಎಂದು ಗಡ್ಡಧಾರಿಯೊಬ್ಬರ ಚಿತ್ರ ಕೆಲವು ವರುಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ನಮಗೂ ಬಂದಿತ್ತು. ಟಿಪ್ಪು ಮಡಿದದ್ದು ೧೭೯೯ರಲ್ಲಿ. ಛಾಯಾಚಿತ್ರದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ನಲವತ್ತು ವರುಷ ಮುಂಚೆ ತೀರಿಕೊಂಡವರ ಫೋಟೋ ತೆಗೆಯುವುದು ಹೇಗೆ? ಆ ಚಿತ್ರ ವಾಸ್ತವವಾಗಿ ಟಿಪ್ಪು ಟಿಪ್ ಎಂದು ಹೆಸರಾದ, ಪೂರ್ವ ಆಫ್ರಿಕದ ಜಾಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿಯದು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಚಿತ್ರವನ್ನು ಸಮಾನ ಉತ್ಸಾಹದಿಂದ ಹಂಚಿದರೆಂಬುದೇ ವಿನೋದ. ಇಂದು ಯಂತ್ರವೇ ಇಲ್ಲದ ಮುಖವನ್ನು ಇದ್ದಂತೆ ರಚಿಸಿ ಕೊಡುವ ಕಾಲ ಬಂದಿರುವುದರಿಂದ ಎಚ್ಚರ ಇನ್ನಷ್ಟು ಬೇಕು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ನಾವು ತೃಪ್ತಿಯಿಂದ ಎಲೆ ಅಡಕೆಯ ತಟ್ಟೆಗೆ ಕೈಹಾಕಿದೆವು. ಆಕೆ ಎದ್ದು ಹೋಗಿ, ಪಡಸಾಲೆಯ ಬಾಗಿಲ ಮೇಲಿದ್ದ ನಮ್ಮ ಮನೆಯ ಹಳೆಯ ಕಟ್ಟು ಹಾಕಿದ ಪಟವನ್ನು ಕೆಳಗಿಳಿಸಿ ತಂದಳು. ಮದುವೆಯೊಂದರಲ್ಲಿ ತೆಗೆಸಿದ್ದು. ಬೆಂಚಿನ ಮೇಲೆ ಆರು ಮಂದಿ ಹೆಂಗಸರು. ಹಿಂದೆ ನಿಂತ ಗಂಡಸರ ಎದೆಯ ಮೇಲೆ ಬೆಳ್ಳಿಯ ಕರಡಿಗೆಗಳು. ಮುಂದೆ ನೆಲದ ಮೇಲೆ ಕುಳಿತ ಮಕ್ಕಳ ನಡುವೆ ಹತ್ತು ವರುಷದ ನಾವು.

“ತಾತ, ಈ ಅಂಚಿನಲ್ಲಿ ಕೂತಿರೋರು ಯಾರು?” ಎಂದು ಕೇಳಿದಳು.

ನಮಗೆ ಗೊತ್ತಿರಲಿಲ್ಲ. ಆರರಲ್ಲಿ ಇಬ್ಬರನ್ನು ಮಾತ್ರ ಹೆಸರಿಸಬಲ್ಲವರಾದೆವು. ಮೈಸೂರಿನ ರಾಣಿಯರ ಗುರುತು ಹೇಳಿ ಬೀಗಿದ ನಾಲಿಗೆ ನಮ್ಮ ಮನೆಯ ತಾಯಂದಿರ ಮುಂದೆ ಕಟ್ಟಿಹೋಯಿತು.

ಕಲ್ಲಿಗೂ ಒಂದು ಹೆಸರು

ಆ ರಾತ್ರಿ ನಮಗೆ ಶಾಸನಗಳ ನೆನಪಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಊರೂರು ಸುತ್ತಿಸಿ ಸಂಗ್ರಹಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳು ೧೯೦೫ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಬಂದವು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಒಂದೊಂದು ಶಾಸನಕ್ಕೂ ಅದರಲ್ಲಿ ಒಂದು ಸಂಖ್ಯೆಯಿದೆ, ಸಿಕ್ಕಿದ ಜಾಗದ ವಿವರವಿದೆ. ಕಲ್ಲಿನ ಮೇಲೆ ಒದ್ದೆಯ ಕಾಗದ ಒತ್ತಿ, ಬಿರುಸು ಕುಂಚದಿಂದ ತಟ್ಟಿ, ಮಸಿ ಹಚ್ಚಿ ಅಚ್ಚು ತೆಗೆಯುವುದು ಅಂದಿನ ಕ್ರಮ. ಒಂದು ಲೆಕ್ಕದಲ್ಲಿ ಅದೂ ಛಾಯಾಚಿತ್ರವೇ ಸರಿ.

ಆ ಸಂಪುಟವೂ ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುತ್ತದೆ. ಆದರೆ ಅದರಲ್ಲಿರುವ ಕಲ್ಲುಗಳಲ್ಲಿ ಎಷ್ಟೋ ಇಂದು ಇದ್ದ ಜಾಗದಲ್ಲಿಲ್ಲ. ರಸ್ತೆ ಅಗಲವಾಯಿತು, ಹೊಲ ನಿವೇಶನವಾಯಿತು, ಕಲ್ಲು ಪಾಯಕ್ಕೆ ಹೋಯಿತು. ದೇವನಹಳ್ಳಿಯ ಬಳಿ ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಸುತ್ತಿನ ನೆಲಕ್ಕೆ ಬಂದ ಬೆಲೆಯಿಂದ ನೆಲದ ಮೇಲಿನ ಹಳೆಯ ಕಲ್ಲಿಗೆ ಬೆಲೆಯಿಲ್ಲದಂತಾಯಿತು. ಬೆಂಗಳೂರಿನಿಂದ ನಮ್ಮೂರಿಗೆ ಬರುವ ದಾರಿಯಲ್ಲೇ ಇರುವ ಹೆಬ್ಬಾಳದಲ್ಲಿ ೨೦೧೮ರಲ್ಲಿ ನೆಲ ಅಗೆಯುವಾಗ ವೀರಗಲ್ಲೊಂದು ದೊರೆಯಿತು. ಗಂಗರ ಶ್ರೀಪುರುಷನ ಕಾಲದಲ್ಲಿ, ಕ್ರಿ.ಶ. ೭೫೦ರ ಸುಮಾರಿನಲ್ಲಿ, ಹೋರಾಡಿ ಮಡಿದ ಕಿತ್ತಯ್ಯ ಎಂಬ ವೀರನ ಹೆಸರು ಅದರಲ್ಲಿದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರುಷ ಆ ಹೆಸರನ್ನು ಹೊತ್ತ ಕಲ್ಲು ಚೂರಾಗದೆ ಉಳಿದದ್ದು ಕೆಲವರು ಸಕಾಲಕ್ಕೆ ಕಂಡುದರಿಂದ. ಇಂದು ಅದಕ್ಕೊಂದು ಮಂಟಪವಿದೆ.

೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿ ೨೦೨೧ರಿಂದ ಈ ಸೀಮೆಯ ಶಾಸನಗಳನ್ನು ಹುಡುಕಿ, ಬೆಳಕಿನ ಯಂತ್ರದಿಂದ ಕಲ್ಲಿನ ಉಬ್ಬುತಗ್ಗುಗಳನ್ನೆಲ್ಲ ಅಳೆದು, ಗಣಕಯಂತ್ರದಲ್ಲಿ ಅದರ ಪಡಿಯಚ್ಚು ಇಡುತ್ತಿದೆ. ಬರಿಗಣ್ಣಿಗೆ ಸವೆದಂತೆ ಕಾಣುವ ಅಕ್ಷರ ಅಲ್ಲಿ ಸ್ಪಷ್ಟವಾಗುತ್ತದೆ. ಇದನ್ನು ಓದುವಾಗಲೆಲ್ಲ ನಮಗೆ ಫ. ಗು. ಹಳಕಟ್ಟಿಯವರ ನೆನಪಾಗುತ್ತದೆ. ಮನೆಗಳ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ತಾಡವೋಲೆಗಳನ್ನು ಕಾಡಿ ಬೇಡಿ ತಂದು ಅವರು ವಚನಗಳನ್ನು ೧೯೨೩ರಲ್ಲಿ ಅಚ್ಚು ಹಾಕಿಸದಿದ್ದರೆ, ಇಂದು ನಾವು ಮೊಬೈಲಿನಲ್ಲಿ ವಚನ ಹುಡುಕುವ ಸೌಭಾಗ್ಯ ಎಲ್ಲಿರುತ್ತಿತ್ತು? ಯಂತ್ರ ತೋರಿಸುವುದು ಯಾರೋ ಒಬ್ಬರು ಮುಂಚೆ ಉಳಿಸಿದ್ದನ್ನು ಮಾತ್ರ.

ಮಗ್ಗದ ಮನೆಯ ಮಾತು

ಮೊಮ್ಮಗಳ ಓದಿಗೆ ಬೇಕೆಂದು ಒಂದು ದಿನ ದೊಡ್ಡಬಳ್ಳಾಪುರದ ಪರಿಚಿತ ನೇಕಾರರೊಬ್ಬರ ಮನೆಗೆ ಹೋದೆವು. ಆ ಊರಿನ ಬೀದಿಗಳಲ್ಲಿ ಮಾತಿಗಿಂತ ಮಗ್ಗದ ಸದ್ದೇ ಮೊದಲು ಕೇಳುತ್ತದೆ. ಮಗ್ಗದ ನೆತ್ತಿಯ ಮೇಲೆ ರಂಧ್ರ ಕೊರೆದ ರಟ್ಟುಗಳ ಮಾಲೆ ಸುತ್ತುತ್ತಿತ್ತು. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ನಡುವೆ ಹೊಕ್ಕು ಹಾಯುತ್ತದೆ, ಸೆರಗಿನಲ್ಲಿ ನವಿಲು ಮೂಡುತ್ತದೆ. ಇದು ಫ್ರಾನ್ಸಿನ ಜಕಾರ್ಡ್ ಎಂಬಾತ ೧೮೦೪ರಲ್ಲಿ ರೂಪಿಸಿದ ಉಪಾಯ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರವನ್ನು ಯೋಚಿಸುವಾಗ ಇದೇ ರಟ್ಟುಗಳನ್ನು ಎರವಲು ಪಡೆದ. ನಮ್ಮ ಮಕ್ಕಳು ಸೀರೆ ನೋಡುವ ಗಣಕಯಂತ್ರಕ್ಕೆ ಸೀರೆ ನೇಯುವ ಮಗ್ಗವೇ ಹಿರಿಯಕ್ಕನೆಂದರೆ ತಪ್ಪಲ್ಲ.

ಮೊಮ್ಮಗಳು ಅಂತರ್ಜಾಲದ ಅಂಗಡಿಯೊಂದರಲ್ಲಿದ್ದ ರೇಷ್ಮೆ ಸೀರೆಯ ಚಿತ್ರವನ್ನು ಅವರಿಗೆ ತೋರಿಸಿದಳು. ಅದಕ್ಕೆ ಬೇರೊಂದು ಪ್ರಸಿದ್ಧ ಊರಿನ ಹೆಸರಿತ್ತು. ನೇಕಾರರು ಚಿತ್ರವನ್ನು ದೊಡ್ಡದು ಮಾಡಿಸಿ ಅಂಚನ್ನು ದಿಟ್ಟಿಸಿದರು. “ಇದು ನಮ್ಮ ಬೀದಿ ಕೆಲಸ ಇದ್ದಂಗೈತೆ ಸ್ವಾಮಿ. ಹೋದ ಮೇಲೆ ಹೆಸರು ಬದಲಾಗ್ತದೆ, ಬೆಲೆನೂ ಬದಲಾಗ್ತದೆ” ಎಂದು ನಕ್ಕರು. ಆ ನಗುವಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಂಚಿನಲ್ಲಿ ಕುಳಿತ ತಾಯಿ

ಪಟದ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಚಿತ್ರದಲ್ಲಿದ್ದ ಎಲ್ಲರನ್ನೂ ಬಲ್ಲ ನಮ್ಮ ಅಕ್ಕನವರು ಹಿಂದಿನ ವರುಷವಷ್ಟೇ ಶಿವೈಕ್ಯರಾಗಿದ್ದರು. ಅವರು ಇರುವಾಗ ಆ ಪಟದ ಕೆಳಗೆ ಕುಳಿತೇ ನಾವು ಎಷ್ಟೋ ಸಲ ಊಟ ಮಾಡಿದ್ದೆವು, ಒಮ್ಮೆಯೂ ಕೇಳಲಿಲ್ಲ. ಇದು ನಮ್ಮ ತಪ್ಪು. ಕಡೆಗೆ ಹೊಸಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಾಯಿಯ ಕಡೆಯ ತೊಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆಂದು ನೆನಪಾಗಿ, ಪಟವನ್ನು ಪಂಚೆಯಲ್ಲಿ ಸುತ್ತಿಕೊಂಡು ಮೊಮ್ಮಗಳೊಡನೆ ಹೋದೆವು.

ಅಜ್ಜಿಯವರಿಗೆ ಕಣ್ಣು ಮಂದ. ಮೊಮ್ಮಗಳು ಪಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಒಂದೊಂದು ಮುಖವನ್ನೂ ದೊಡ್ಡದು ಮಾಡಿ ತೋರಿಸಿದಳು. ಒಬ್ಬೊಬ್ಬರಾಗಿ ಮೂವರ ಹೆಸರು ಬಂತು. ಅಂಚಿನವರ ಬಳಿಗೆ ಬಂದಾಗ ಅಜ್ಜಿ ಮುಖ ನೋಡಲಿಲ್ಲ. “ತೋಳು ತೋರಿಸವ್ವ” ಎಂದರು. ತೋಳು ಬರಿದಾಗಿತ್ತು. ಉಳಿದ ಹೆಂಗಸರೆಲ್ಲರ ತೋಳಿನಲ್ಲೂ ವಂಕಿಯಿತ್ತು.

“ಇವಳು ನಿಮ್ಮಪ್ಪನ ಚಿಕ್ಕಪ್ಪನ ಮಗಳು ಕಣಪ್ಪ. ಆ ವರ್ಷ ಮಳೆ ಇರಲಿಲ್ಲ. ಸಾಲಕ್ಕೆ ನಿನ್ನನ್ನ ದನ ಕಾಯೋಕೆ ಬಿಡ್ತೀನಿ ಅಂದಿದ್ದ ನಿಮ್ಮಪ್ಪ. ಇವಳು ವಂಕಿ ಮಾರಿ ಸಾಲ ತೀರಿಸಿ, ಹುಡುಗನ್ನ ಮಠಕ್ಕೆ ಓದೋಕೆ ಕಳಿಸು ಅಂದಳು. ಮದುವೇಲಿ ಬರಿ ತೋಳು ಅಂತ ಸೆರಗು ಹೊದ್ದುಕೊ ಅಂದ್ವಿ. ನನಗೇನು ನಾಚಿಕೆ ಅಂದಳು.”

ನಾವು ಮಠ ಸೇರಿದ ಎರಡು ವರುಷಕ್ಕೆ ಆಕೆ ತೀರಿಕೊಂಡರಂತೆ. ನಮಗೆ ಸುದ್ದಿಯೂ ಬಂದಿರಲಿಲ್ಲ. ನಮ್ಮ ತಂದೆಯವರು ಆ ಮಾತನ್ನು ಎಂದೂ ಎತ್ತಲಿಲ್ಲ. ನಾವು ಓದಿದ ಕೋಶ, ಬರೆದ ಪುಸ್ತಕ, ಈಗ ತಮ್ಮ ಮುಂದೆ ಇಡುತ್ತಿರುವ ಈ ಲೇಖನ, ಎಲ್ಲವೂ ಆ ಬರಿದಾದ ತೋಳಿನ ಋಣ. ಐವತ್ತು ವರುಷಗಳಿಗೂ ಹೆಚ್ಚು ಕಾಲ ಆಕೆ ನಮ್ಮ ಬಾಗಿಲ ಮೇಲೆಯೇ ಕುಳಿತಿದ್ದರು. ನಾವು ಅದರ ಕೆಳಗೆ ಓಡಾಡಿಕೊಂಡಿದ್ದೆವು.

ದಾರಿಯಲ್ಲಿ ಮೊಮ್ಮಗಳು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಪಟವನ್ನು ಬಿಚ್ಚಿ, ಹಿಂಬದಿಯಲ್ಲಿ ಐದು ಹೆಸರುಗಳನ್ನು ನಾವೇ ಬರೆದೆವು. ಆ ತಾಯಿಯ ಹೆಸರಿನ ಮುಂದೆ ವಂಕಿಯ ವಿಷಯವನ್ನೂ ಬರೆದೆವು. ಅದು ಮನೆಯ ಹೆಸರು. ಮನೆಯಲ್ಲಿಯೇ ಇರಲೆಂದು ಇಲ್ಲಿ ಅಚ್ಚಿಸುತ್ತಿಲ್ಲ. ಆರನೆಯವರು ಯಾರೆಂದು ಅಜ್ಜಿಗೂ ನೆನಪಾಗಲಿಲ್ಲ. ಆ ಜಾಗ ಖಾಲಿಯಾಗಿಯೇ ಇದೆ.

ಮನೆಮನೆಯಲ್ಲಿ ಮಾಡಬಹುದಾದುದು

ಮಕ್ಕಳು ತೆರೆಯ ಮೇಲೆ ಚಿತ್ರಗಳನ್ನು ನೋಡಿ ಆನಂದಿಸುವುದನ್ನು ತಂದೆತಾಯಿಗಳು ಗದರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿದರೆ ಸಾಕು: ಇದು ಯಾರು, ಎಲ್ಲಿಯದು, ಯಾವಾಗಿನದು? ಉತ್ತರ ಹುಡುಕಲು ಹೊರಟ ಮಗುವಿಗೆ ಚಪಲವೇ ವಿದ್ಯೆಯಾಗುತ್ತದೆ.

ಅದೇ ಪ್ರಶ್ನೆಗಳನ್ನು ನಮ್ಮ ಮನೆಯ ಗೋಡೆಗೂ ಕೇಳೋಣ. ಈ ತಿಂಗಳ ಒಂದು ಸೋಮವಾರ ಸಂಜೆ, ಪೂಜೆ ಪ್ರಸಾದಗಳಾದ ಮೇಲೆ, ಮನೆಯ ಹಿರಿಯರನ್ನು ನಡುವೆ ಕೂರಿಸಿಕೊಂಡು ಹಳೆಯ ಪಟಗಳನ್ನು ಇಳಿಸಿರಿ. ಎಡದಿಂದ ಬಲಕ್ಕೆ ಹೆಸರುಗಳನ್ನು ಕೇಳಿ, ಮೆದು ಪೆನ್ಸಿಲಿನಿಂದ ಹಿಂಬದಿಯಲ್ಲಿ ಹಗುರವಾಗಿ ಬರೆಯಿರಿ. ಶಾಯಿ ಕಾಲಾಂತರದಲ್ಲಿ ಮುಂಬದಿಗೆ ಇಳಿಯುತ್ತದೆ. ಚಿತ್ರದ ಮೇಲೆಯೇ ಗಂಧ ಕುಂಕುಮ ಹಚ್ಚಬೇಡಿರಿ. ಗೌರವ ತೋರಲು ಕಟ್ಟಿನ ಗಾಜು ಇದೆ. ಒದ್ದೆ ಗೋಡೆಗೂ ಬಿಸಿಲಿಗೂ ಪಟವನ್ನು ದೂರವಿಡಿರಿ. ಮೊಬೈಲಿನಲ್ಲಿ ಪ್ರತಿ ತೆಗೆಯುವಾಗ ಹಗಲ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ತೆಗೆಯಿರಿ. ಚಿತ್ರದೊಡನೆ ಹೆಸರುಗಳೂ ನೆಂಟರಿಷ್ಟರಿಗೆ ತಲುಪಲಿ. ಊರ ಮುಂದೆ, ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದಕ್ಕೆ ಸುಣ್ಣ, ಎಣ್ಣೆ, ಬಣ್ಣ ಬಳಿಯಬೇಡಿರಿ, ಜಾಗದಿಂದ ಕದಲಿಸಬೇಡಿರಿ, ಬಲ್ಲವರಿಗೆ ತಿಳಿಸಿರಿ.

ನಮ್ಮ ಪಟ ಮತ್ತೆ ಬಾಗಿಲ ಮೇಲೇರಿದೆ. ಹೆಸರು ತಿಳಿಯದ ಆ ಆರನೆಯ ತಾಯಿಯನ್ನು ಬಲ್ಲವರು ಎಲ್ಲಿಯಾದರೂ ಒಬ್ಬರು ಇದ್ದಾರೆಂಬ ನಂಬಿಕೆಯಿಂದ ಮೊಮ್ಮಗಳು ಪ್ರತಿ ಮದುವೆಗೂ ಅದರ ಪ್ರತಿಯನ್ನು ಕೈಯಲ್ಲಿ ಹಿಡಿದೇ ಹೋಗುತ್ತಿದ್ದಾಳೆ.